ಮಾವನ ಮುಂದೆ ಸೊಸೆಯ ಹಾಡು

"ಅಕ್ಕಾ, ಮಾವ ನಿನ್ನೆಯಿಂದ ತುತ್ತು ಮುಟ್ಟಿಲ್ಲ. ನನ್ನ ಮುಖ ನೋಡಿ 'ಯಾರಮ್ಮ ನೀನು, ನಮ್ಮನೇಲಿ ನಿನಗೇನು ಕೆಲ್ಸ' ಅಂತಾರೆ. ಇಪ್ಪತ್ತು ವರ್ಷ ಚಹಾ ಬಗ್ಗಿಸಿ ಕೊಟ್ಟವಳನ್ನ ಹೀಗೆ ಕೇಳಿದ್ರೆ ಹೇಗಕ್ಕ?"

ಅನಾರ್‌ಕುಲ್ ನನ್ನ ಮುಂದೆ ಕೂತು ಅತ್ತಳು. ನಾನು ನಾರಿನ್ ಕಣಿವೆಯ ಈ ಊರಿನ ನರ್ಸ್. ಅವಳ ಮಾವ ಅಬ್ದಿಲ್ದಾ ಅಜ್ಜ ಒಂದು ಕಾಲಕ್ಕೆ ಕುದುರೆ ಮಂದೆ ಕಾಯುತ್ತಿದ್ದವರು. ಈಗ ಮರೆವಿನ ಕಾಯಿಲೆ. ಪಟ್ಟಣದ ಡಾಕ್ಟರು ಕೊಟ್ಟ ಮಾತ್ರೆಯನ್ನೂ ಉಗುಳುತ್ತಾರೆ.

"ಹಾಡು ಕೇಳಿಸಿ ಅಂದಿದ್ನಲ್ಲ, ಕೇಳಿಸಿದ್ರಾ?"

"ಕೇಳಿಸಿದ್ವಿ. ಟೋಪಿ ತೆಗೆದು ನಮ್ಮ ಮೇಲೇ ಎಸೆದ್ರು."

ನೋಡೋಣವೆಂದು ನಾನೇ ಹೋದೆ. ಅವಳ ಗಂಡ ಮೆಲಿಸ್ ಫೋನಿನಲ್ಲಿ ಮದುವೆ ಮನೆಯ ಢಮಢಮ ಹಾಡು ಹಾಕಿದ್ದ. ನನಗೇ ತಲೆ ಸಿಡಿಯಿತು. ಅಜ್ಜ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದ್ದರು.

"ಹಾಡಿಗೆ ಕಾಯಿಲೆ ವಾಸಿ ಆಗುತ್ತಾ? ಹಂಗಾದ್ರೆ ನೀನೂ ಸೂಜಿ ಬಿಟ್ಟು ತಂತಿ ಮೀಟ್ತಾ ಕೂತ್ಕೋ," ಎಂದು ಮೆಲಿಸ್ ಹಾಡು ನಿಲ್ಲಿಸಿ ಕುಟುಕಿದ.

"ವಾಸಿ ಆಗಲ್ಲ ಕಣಯ್ಯ. ಗಾಬರಿ ಇಳಿಯುತ್ತೆ, ಮನಸ್ಸು ಹಗುರಾಗುತ್ತೆ. ಆಗ ಎರಡು ತುತ್ತು ಒಳಗೆ ಹೋಗಬಹುದು. ಮುಖ ಮರೆತವರಿಗೂ ಹರೆಯದ ಹಾಡು ಎಷ್ಟೋ ಸಲ ನೆನಪಿರುತ್ತೆ. ಆದ್ರೆ ಅದು ನಿನ್ನ ಹಾಡಲ್ಲ, ಅವರ ಹಾಡಾಗಿರಬೇಕು. ಪ್ರಾಯದಲ್ಲಿ ಅವರು ಏನು ಹಾಡ್ತಿದ್ರು?"

ಮೆಲಿಸ್ ತಲೆ ಕೆರೆದುಕೊಂಡ. ಹೆತ್ತ ಮಗನಿಗೆ ಗೊತ್ತಿಲ್ಲ.

"ಕುದುರೆ ಕರೆಯೋ ಹಾಡು," ಎಂದಳು ಅನಾರ್‌ಕುಲ್ ಮೆಲ್ಲಗೆ. "ನಾನು ಒಳಗೆ ಹಿಟ್ಟು ನಾದುವಾಗ ಅಂಗಳದಲ್ಲಿ ಹಾಡೋರು. ನನಗೆ ಪೂರ್ತಿ ಬರುತ್ತೆ."

"ಮತ್ತೇನು, ಹಾಡು."

"ಮಾವನ ಮುಂದೆ ಸೊಸೆ ದನಿ ಎತ್ತೋದಾ? ಅವರ ಹೆಸರನ್ನೇ ನಾನು ಇವತ್ತಿನವರೆಗೆ ಹೇಳಿಲ್ಲ. ಊರವರು ಏನಂತಾರೆ?"

ನನಗೆ ಸಿಟ್ಟೇ ಬಂತು. "ಊರವರನ್ನ ನಾನು ನೋಡ್ಕೋತೀನಿ. ಹಸಿದಿರೋದು ನಿನ್ನ ಮಾವ."

ಅವಳು ತಲೆವಸ್ತ್ರವನ್ನು ಹಣೆಗೆ ಎಳೆದುಕೊಂಡು, ಸೂಪಿನ ಬಟ್ಟಲು ಹಿಡಿದು ನೆಲ ನೋಡುತ್ತಲೇ ಶುರುಮಾಡಿದಳು. ದನಿ ಪಿಸುಮಾತಿನಷ್ಟೇ ಇತ್ತು.

"ಬಾರೋ ಕಂದು ಕುದುರೆ, ಹೊಳೆ ದಾಟಿ ಬಾ…"

ಅಜ್ಜ ಇತ್ತ ತಿರುಗಿದರು. ಬೆರಳು ಮೊಣಕಾಲ ಮೇಲೆ ತಾಳ ಹಾಕಿತು, ಆಮೇಲೆ ತುಟಿ ಅಲ್ಲಾಡಿತು. ಅವಳು ಚಮಚ ಮುಂದೆ ಹಿಡಿದಳು. ಬಾಯಿ ತೆರೆದರು. ಅರ್ಧ ಬಟ್ಟಲು ಸೂಪು ಹೋಯಿತು, ಹಿಂದೆಯೇ ಮಾತ್ರೆಯೂ ಹೋಯಿತು. ಮೆಲಿಸ್ ಫೋನನ್ನು ಜೇಬಿಗೆ ಹಾಕಿಕೊಂಡ.

ಅಜ್ಜ ಅವಳ ಮುಖವನ್ನೇ ನೋಡಿ ನಕ್ಕರು. "ಇಷ್ಟು ಮೆಲ್ಲಗೆ ಕರೆದ್ರೆ ಕುದುರೆ ಬರುತ್ತೇನಮ್ಮ ಸೊಸೆ? ಜೋರಾಗಿ ಹಾಡು."

ಅವಳು ಅಳುತ್ತಾ, ನಗುತ್ತಾ ಬೀದಿಗೆಲ್ಲ ಕೇಳುವಂತೆ ಹಾಡಿದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ನಿಮ್ಮ ಮನೆಯ ಹಿರಿಯರ ಹರೆಯದ ಹಾಡು ಯಾವುದು? ಗೊತ್ತಿಲ್ಲದಿದ್ದರೆ ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ. ಮರೆವು ಕಂಡರೆ ಡಾಕ್ಟರಿಗೆ ತೋರಿಸಿ, ಮಾತ್ರೆ ಬಿಡಿಸಬೇಡಿ. ಅದರ ಜೊತೆಗೆ ದಿನವೂ ಸ್ವಲ್ಪ ಹೊತ್ತು ಟಿವಿ ಆರಿಸಿ, ಪಕ್ಕದಲ್ಲಿ ಕೂತು ಅವರ ಹಾಡು ಹಾಡಿ. ಬೇಡವೆಂದರೆ ನಿಲ್ಲಿಸಿ, ನಾಳೆ ಹಾಡಿ. ನಾಚಿಕೆಪಟ್ಟು ಮಾತ್ರ ಸುಮ್ಮನಿರಬೇಡಿ, ಅವರು ಕಾಯುತ್ತಿರುವುದು ನಿಮ್ಮ ದನಿಗೇ.