ಒಂದು ಮನೆಗೆ ಒಂದೇ ಸೀಟು

ನೀರು ತಿಳಿಯಾಗಿಯೇ ಇದೆ, ಎಷ್ಟು ಉಜ್ಜಿದರೂ ಎಷ್ಟು ಹಿಂಡಿದರೂ ಬಕೆಟ್ಟಿನ ತಳದ ಗೀರು ಕಾಣುವಷ್ಟು ತಿಳಿ, ಕೊಳೆಯೇ ಇಲ್ಲದ ಬಟ್ಟೆಯಿಂದ ಇನ್ನೇನು ಇಳಿದೀತು, ನೀಲಿ ಸ್ಕರ್ಟು, ಬಿಳಿ ಶರ್ಟು, ಚಿಟ್ಟೆ ಚಿತ್ರದ ಫ್ರಾಕು, ಎಲ್ಲ ಇಸ್ತ್ರಿಯ ಮಡಿಕೆ ಕೆಡದೆ ಕವರಿನಲ್ಲಿ ಬಂದಿದ್ದವು, ಬೆಳಿಗ್ಗೆ ಜಯದೇವಿ ಅಕ್ಕ ತಂದುಕೊಟ್ಟು ಹೋದರು, ನನ್ನ ಗಂಡನ ಅಣ್ಣನ ಹೆಂಡತಿ, ಇವನ್ನ ಒಂದ್ಸಲ ನೀರಲ್ಲಿ ಅದ್ದಿ ತಂತಿ ಮೇಲೆ ಹಾಕ್ಬಿಡು ನೀಲಾ, ಸ್ಕೂಲಿನ ಹೆಡ್ ಮೇಡಂ ಬಂದಾಗ ಶಿವಾನಿ ಬಟ್ಟೆ ಇಲ್ಲೇ ಒಣಗ್ತಾ ಇರೋದು ಕಣ್ಣಿಗೆ ಬೀಳ್ಬೇಕು, ಒದ್ದೆ ಇದ್ರೆ ಯಾರಿಗೂ ಅನುಮಾನ ಬರಲ್ಲ. ಆಯ್ತು ಅಕ್ಕ, ಅಂದೆ. ನಾನು ಯಾವಾಗಲೂ ಹಾಗೇ ಅನ್ನುತ್ತೇನೆ, ಮದುವೆಯಾಗಿ ಬಂದ ದಿನದಿಂದ ಆ ಎರಡು ಮಾತು ನನ್ನ ನಾಲಿಗೆಗೆ ಅಂಟಿಕೊಂಡಿವೆ. ಬರೀ ಅದ್ದಿದ್ದರೆ ಸಾಕಿತ್ತು, ಉಜ್ಜುತ್ತಿರುವುದು ನಾನೇ, ಕಾಲರಿನ ಮೇಲೆ ಬ್ರಷ್ಷು ಹಾಕಿ, ಇನ್ನೂ ಗಟ್ಟಿಯಾಗಿ, ದಾರ ಎದ್ದು ಬರಲಿ ಎಂದು, ಇದನ್ನು ತೊಡುವ ಅಕ್ಕನ ಮಗಳ ಮೇಲೆ ನನಗೇನೂ ಸಿಟ್ಟಿಲ್ಲ, ಚಿಕ್ಕಮ್ಮಾ ಎಂದು ಸೆರಗು ಹಿಡಿದುಕೊಂಡು ನಡೆಯುವ ಕೂಸು, ಸಿಟ್ಟಿಲ್ಲ, ಆದರೂ ಕಾಲರು ಜುಂಗು ಜುಂಗಾಗುತ್ತಿದೆ. ಬಚ್ಚಲಲ್ಲಿ ನಮ್ಮ ಬ್ರಷ್ಷುಗಳ ಪಕ್ಕ ಅವಳದೊಂದು ಗುಲಾಬಿ ಬ್ರಷ್ಷು, ಬಾಗಿಲ ಬಳಿ ಅವಳ ಚಪ್ಪಲಿ, ಹಾಲ್‌ನಲ್ಲಿ ಗೋಡೆಗೆ ಹಾಕಲು ಫ್ರೇಮು ಕಟ್ಟಿಸಿದ ಅವಳ ಫೋಟೋ, ಎಲ್ಲ ಇವತ್ತೇ ಬಂದಿಳಿದವು, ಅವಳು ಮಾತ್ರ ಈ ಮನೆಯಲ್ಲಿ ಒಂದು ರಾತ್ರಿಯೂ ಮಲಗಿದವಳಲ್ಲ, ರಾಜರಾಜೇಶ್ವರಿನಗರದಲ್ಲಿ ಎಂಟನೇ ಮಹಡಿಯಲ್ಲಿ ಮಲಗುತ್ತಾಳೆ, ಬೆಳಿಗ್ಗೆ ಮೆಟ್ರೋ ಹತ್ತಿ ವಿಜಯನಗರದಲ್ಲಿ ಇಳಿದು ಶಾಲೆಗೆ ಬರುತ್ತಾಳೆ, ನನ್ನ ಮಗಳ ಶಾಲೆಗೆ, ನನ್ನ ಮಗಳ ಜಾಗಕ್ಕೆ. ಅವಳನ್ನ ಇವತ್ತು ಕರ್ಕೊಂಡು ಬರಲ್ಲ ಕಣೇ, ಮೇಡಂ ನೋಡಿದ್ರೆ ಹೆದರಿ ಅತ್ತುಬಿಡ್ತಾಳೆ, ಅವರಪ್ಪನ ಜೊತೆ ದೇವಸ್ಥಾನಕ್ಕೆ ಹೋಗಿದ್ದಾಳೆ ಅಂದ್ಬಿಡು, ನಾವೆಲ್ಲ ಕೂಡಿ ಇಲ್ಲೇ ಇರೋದು ಅನ್ನು, ಏನ್ ಸುಳ್ಳಾ ಅದು, ಮನಸ್ಸಿಂದ ಕೂಡೇ ಇದೀವಲ್ಲ. ಹೇಳುತ್ತ ಹೇಳುತ್ತ ಅಕ್ಕ ಮೂಗಿಗೆ ಕರವಸ್ತ್ರ ಹಿಡಿದಿದ್ದರು, ಮೋರಿಯ ವಾಸನೆಗೆ. ಈ ಕತ್ತಲೇಲಿ ಹೇಗಿರ್ತೀಯೋ ತಾಯಿ, ನಂಗಂತೂ ಉಸಿರು ಕಟ್ಟುತ್ತೆ.

ಹೇಗಿರುತ್ತೇನೆ ಎಂದು ಕೇಳುತ್ತಾರೆ, ಯಾಕಿದ್ದೇನೆ ಎಂದು ಕೇಳುವುದಿಲ್ಲ. ಅನ್ನಪೂರ್ಣೇಶ್ವರಿ ನಗರದ ಆ ಮನೆ, ಎರಡನೇ ಮಹಡಿ, ಪೂರ್ವದ ಕಿಟಕಿ, ಕಿಟಕಿಯ ಕೆಳಗೆ ನನ್ನ ಹೊಲಿಗೆ ಮಷೀನು, ಹತ್ತು ಗಂಟೆಯ ಬಿಸಿಲು ನೇರ ಸೂಜಿಯ ಮೇಲೆ ಬೀಳುತ್ತಿತ್ತು, ಕಪ್ಪು ಬಟ್ಟೆಗೂ ಕನ್ನಡಕವಿಲ್ಲದೆ ದಾರ ಪೋಣಿಸುತ್ತಿದ್ದೆ, ಬೀದಿಯ ಅರ್ಧ ಹೆಂಗಸರ ಬ್ಲೌಸು ನನ್ನ ಕೈಯದೇ, ಅದನ್ನೆಲ್ಲ ಬಿಟ್ಟು ಬಂದೆ, ಈಗ ಮಷೀನು ಮೆಟ್ಟಿಲ ಕೆಳಗೆ ಹಳೇ ಬೆಡ್‌ಶೀಟು ಹೊದ್ದು ಕೂತಿದೆ. ಈ ಶಾಲೆಯ ಬಗ್ಗೆ ಮೊದಲು ಕೇಳಿದವಳು ನಾನು, ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಮೀಡಿಯಂ ಇದೆ, ಹೆಡ್ ಮೇಡಂ ತಾವೇ ಕೂತು ಓದಿಸುತ್ತಾರೆ, ಮಕ್ಕಳು ಪುಸ್ತಕ ಮನೆಗೆ ತಂದು ಓದಿ ಹೇಳುತ್ತವೆ ಎಂದು, ಆಗ ಅಕ್ಕ ನಕ್ಕಿದ್ದರು, ಸರ್ಕಾರಿ ಶಾಲೆಗಾ ಹಾಕ್ತೀಯ, ಅಯ್ಯೋ ಮಗೂನೇ, ಅಷ್ಟೂ ಇಲ್ವಾ ನಿಮಗೆ. ನಾನು ಬಿಡಲಿಲ್ಲ. ಶಾಲೆಯ ಸುತ್ತಲ ಬೀದಿಗಳವರಿಗೆ ಮಾತ್ರ ಸೀಟು ಎಂದು ಗೊತ್ತಾದ ಮೇಲೆ ಬೇಸಿಗೆಯ ಬಿಸಿಲಲ್ಲಿ ಬೀದಿ ಬೀದಿ ಅಲೆದೆ, ಮೂಲೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಪಟಾಲಮ್ಮ ಕೈ ಎತ್ತಿ ತೋರಿಸಿದರು, ಆ ಟ್ರಾನ್ಸ್‌ಫಾರ್ಮರ್ ಕಂಬ ಇದ್ಯಲ್ಲಮ್ಮ, ಅಲ್ಲಿವರೆಗೂ ತಗೋತಾರೆ, ಅದರಾಚೆ ಇದ್ರೆ ದೇವ್ರೇ ಬಂದು ಹೇಳಿದ್ರೂ ತಗೋಳಲ್ಲ. ಕಂಬದ ಆಚೆ ಒಂದು ಮನೆ ಖಾಲಿ ಇತ್ತು, ತುಳಸಿ ಕಟ್ಟೆ, ತೆರೆದ ಅಂಗಳ, ಗೋಡೆಗೆ ಹೊಸ ಸುಣ್ಣ, ಬಾಗಿಲಲ್ಲೇ ನಿಂತು ನೋಡಿ ತಿರುಗಿ ಬಂದೆ, ಕಂಬದ ಈಚೆಗೆ ಸಿಕ್ಕಿದ್ದು ಇದು, ಏಕಾಂತಯ್ಯನವರ ಮನೆಯ ಹಿಂದಿನ ಪೋರ್ಷನ್ನು, ಮಧ್ಯಾಹ್ನವೂ ಲೈಟು ಹಾಕಬೇಕು. ವಚನಾ ಒಳಗೆ ಬಂದು ಅಮ್ಮಾ ಇಲ್ಲಿ ಈಗ್ಲೇ ರಾತ್ರಿ ಆಗಿದೆ ಅಂದಳು. ಇರಲಿ ಮಗಳೇ, ಇಲ್ಲಿಂದ ನಿನ್ನ ಸ್ಕೂಲಿನ ಬೆಲ್ಲು ಕೇಳುತ್ತೆ ನೋಡು ಅಂದೆ. ಕೇಳುತ್ತದೆ, ಈಗಲೂ ಕೇಳುತ್ತದೆ, ದಿನಾ ಕೇಳುತ್ತದೆ.

ಅಗ್ರಿಮೆಂಟ್ ಬರೆಯುವ ದಿನ ಏಕಾಂತಯ್ಯನವರು ನನ್ನ ಗಂಡನನ್ನೇ ಕೇಳಿದರು, ಶ್ರೀಶೈಲ ಅಂತ ಬರೆಸ್ಲಾ ಸ್ವಾಮಿ. ಅವರು ಪಕ್ಕದಲ್ಲಿ ನಿಂತ ಅಣ್ಣನ ಮುಖ ನೋಡಿದರು, ಛೇ ಛೇ, ಅಣ್ಣ ಇರುವಾಗ ನನ್ ಹೆಸರು ಯಾಕೆ, ರುದ್ರಮುನಿ ಅಂತಲೇ ಬರೀರಿ, ಹಿರಿಯರ ಹೆಸರಲ್ಲಿದ್ರೆ ಒಳ್ಳೇದು. ನಮ್ಮ ಮನೆಯ ಪದ್ಧತಿ ಅದು, ಗ್ಯಾಸು ಭಾವನ ಹೆಸರಲ್ಲಿ, ಊರಿನ ಹೊಲ ಭಾವನ ಹೆಸರಲ್ಲಿ, ವಚನಾಳ ನಾಮಕರಣದ ಕಾರ್ಡಿನ ಮೇಲೂ ಸ್ವಾಗತ ಕೋರುವವರು ಭಾವ, ಎಲೆ ಅಡಿಕೆಯ ತಟ್ಟೆಯನ್ನು ಅವರ ಕೈಗೆ ಕೊಟ್ಟು ಕಾಲಿಗೆ ಬಿದ್ದವಳು ನಾನು, ಇಂಥ ಮರ್ಯಾದೆಯಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಇಲ್ಲಿ ವಾಸವೇ ಇಲ್ಲದಿದ್ದರೂ ಕಾಗದದ ಮೇಲಿನ ಹೆಸರೇ ನಡೆಯುತ್ತದೆ ಎಂದು ಆಗ ಯಾರಿಗೆ ಹೊಳೆದೀತು. ಏಪ್ರಿಲ್‌ನಲ್ಲಿ ಅಮ್ಮನ ಕಣ್ಣಿನ ಆಪರೇಷನ್ ಎಂದು ಕೊಟ್ಟೂರಿಗೆ ಹೋದೆ, ಬಂದ ಮೇಲೆ ಭಾವನಿಂದ ಅಗ್ರಿಮೆಂಟ್ ಇಸಿದುಕೊಂಡು ಶಾಲೆಗೆ ಕೊಡೋಣ ಎಂದುಕೊಂಡಿದ್ದೆ, ಅಷ್ಟರಲ್ಲಿ ಅಕ್ಕನ ಅಪಾರ್ಟ್‌ಮೆಂಟಿನ ಹೆಂಗಸರ ಗ್ರೂಪಿನಲ್ಲಿ ಈ ಶಾಲೆಯ ಹೆಸರು ಓಡಾಡಿತಂತೆ, ಅಲ್ಲಿನ ದೊಡ್ಡ ಸ್ಕೂಲಿನ ಫೀಸು ಕೇಳಿ ಭಾವನಿಗೆ ನಿದ್ದೆ ಹಾರಿತ್ತಂತೆ, ಅಕ್ಕ ಅಗ್ರಿಮೆಂಟ್ ಹಿಡಿದು ಮೆಟ್ರೋ ಹತ್ತಿದರು. ಫೋನಿನಲ್ಲಿ ಅವರ ದನಿ ಎಷ್ಟು ಮೆತ್ತಗಿತ್ತು, ನೀನು ಊರಲ್ಲಿದ್ಯಲ್ಲ, ಸೀಟು ತುಂಬೋಗುತ್ತೆ ಅಂದ್ರು, ಮನೆಗೊಂದಾದ್ರೂ ಸಿಗ್ಲಿ ಅಂತ ಶಿವಾನಿದು ಹಾಕ್ದೆ, ನಿನ್ ಮಗಳು ಚುರುಕು ಬಿಡು, ಎಲ್ಲಿ ಕೂರಿಸಿದ್ರೂ ಕಲೀತಾಳೆ, ನಮ್ಮದು ಸ್ವಲ್ಪ ಮಂಕು, ಅದಕ್ಕೇ ಒಳ್ಳೇ ಶಾಲೆ ಬೇಕು. ಚುರುಕಾಗಿ ಹುಟ್ಟಿದ್ದು ತಪ್ಪಾಯಿತು ನನ್ನ ಮಗಳದು. ಬಸ್ಸಿನಿಂದ ಇಳಿದವಳು ಚೀಲ ಸಮೇತ ಶಾಲೆಗೆ ಹೋದೆ, ಹೆಡ್ ಮೇಡಂ ಕೆಟ್ಟವರಲ್ಲ, ಕೂರಿಸಿ ಹೇಳಿದರು, ಒಂದು ಮನೆಗೆ ಒಂದೇ ಸೀಟು ಕಣಮ್ಮ, ಹೋದ ವರ್ಷ ಒಂದೇ ಮನೆ ನಂಬರಿಂದ ಅರ್ಧ ಕ್ಲಾಸು ಬಂದಿತ್ತು, ನಿಮ್ಮ ಮನೆ ಮಗು ಬಂದಾಯ್ತಲ್ಲ. ನಿಮ್ಮ ಮನೆ ಮಗು. ನನ್ನ ಗಂಡನೂ ಅದೇ ಅಂದರು, ಯಾರ ಮಗು ಆದ್ರೇನೇ, ನಮ್ಮನೆ ಮಗೂನೇ ಅಲ್ವಾ, ಅಣ್ಣನ ಎದುರು ಹೋಗಿ ಜಗಳ ಆಡ್ಲಾ ನಾನು. ಆಡಬೇಡಿ. ಇವತ್ತೂ ಆಡಬೇಡಿ. ಭಾನುವಾರವೂ ಪ್ರೆಸ್ಸಿನಲ್ಲಿ ಕೆಲಸ ಇದೆ ಎಂದು ಬೆಳಗಾಗುವ ಮೊದಲೇ ರಾಜಾಜಿನಗರಕ್ಕೆ ಓಡಿದ್ದೀರಲ್ಲ, ಅಲ್ಲೇ ಇರಿ.

ಸ್ಕರ್ಟು ಜಾಡಿಸಿ ತಂತಿಗೆ ಹಾಕುತ್ತೇನೆ, ಮುಖಕ್ಕೆ ಹನಿ ಸಿಡಿಯುತ್ತದೆ, ಎರಡೂ ತುದಿಗೆ ಕ್ಲಿಪ್ಪು. ಶಾಲೆ ಶುರುವಾದ ದಿನ ಇದೇ ಸ್ಕರ್ಟು, ಬಾಗಿಲಿಗೆ ಮಾವಿನ ತೋರಣ, ಹೊಸ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಗೆ ಒಂದು ಗುಲಾಬಿ, ನಾನು ಹೋಗುವುದಿಲ್ಲ ಅಂದಿದ್ದೆ, ಚಿಕ್ಕಮ್ಮ ಬರದೆ ಇದ್ರೆ ಹೇಗೆ ಎಂದು ಅಕ್ಕ ಎಳೆದುಕೊಂಡು ಹೋದರು, ವಚನಾ ಶಿವಾನಿಯ ಪಕ್ಕಕ್ಕೇ ಹೋಗಿ ನಿಂತಳು, ಸಾಲು ಎಂದರೆ ಎಲ್ಲರಿಗೂ ಎಂದುಕೊಂಡಳೋ ಏನೋ, ಕೈ ಚಾಚಿದಳು. ಟೀಚರ್ ಅವಳನ್ನು ದಾಟಿ ಮುಂದಿನ ಮಗುವಿಗೆ ಹೂ ಕೊಟ್ಟರು, ಇದು ಸೇರಿದ ಮಕ್ಕಳಿಗೆ ಪುಟ್ಟಾ. ಕೈ ಹಾಗೇ ಇತ್ತು. ಇಳಿಸಲಿಲ್ಲ, ಅಳಲಿಲ್ಲ, ಇನ್ನೊಂದು ಹೂ ಹಿಂದಿನಿಂದ ಬರುತ್ತದೆ ಎನ್ನುವಂತೆ ಅಂಗೈ ತೆರೆದುಕೊಂಡು ನಿಂತಿದ್ದಳು, ಫೋನು ಎತ್ತಿ ಹಿಡಿದಿದ್ದ ಅಕ್ಕ, ವಚನಾ, ಸ್ವಲ್ಪ ಆಚೆ ಸರ್ಕೋ ಚಿನ್ನ, ಫೋಟೋದಲ್ಲಿ ಅಡ್ಡ ಬರ್ತೀಯ. ಸರಿದಳು. ಅವಳನ್ನು ಈ ವರ್ಷವೂ ಅಂಗನವಾಡಿಗೇ ಕಳಿಸುತ್ತಿದ್ದೇನೆ, ಮೂರು ವರ್ಷದ ಕೂಸುಗಳ ನಡುವೆ ಮಂಡಿ ಮಡಿಸಲು ಜಾಗವಿಲ್ಲದೆ ಕೂರುತ್ತಾಳೆ, ಅದೇ ಹಾಡು, ಅದೇ ಉಂಡೆ, ಮೂರೂವರೆಗೆ ಬೆಲ್ಲು ಕೇಳಿದ ಕೂಡಲೇ ನಾನು ಶಾಲೆಯ ಗೇಟಿಗೆ ಓಡುತ್ತೇನೆ, ಶಿವಾನಿಯನ್ನು ಕರೆತರಲು, ಅನ್ನ ಕಲಸಿ ತಿನ್ನಿಸಲು, ಹೋಮ್‌ವರ್ಕ್ ಮಾಡಿಸಲು, ಸಂಜೆ ಅಕ್ಕ ಬರುವಷ್ಟರಲ್ಲಿ ಜಡೆ ಹೆಣೆದು ನಿಲ್ಲಿಸಲು. ಒಂದು ದಿನ ಜಡೆ ಬಿಗಿದೆ, ಇನ್ನೂ ಬಿಗಿದೆ, ಹುಬ್ಬು ಮೇಲೇರುವಷ್ಟು, ಚಿಕ್ಕಮ್ಮಾ ನೋಯ್ತಿದೆ ಅಂದಳು, ನೋಯಲಿ ಅನ್ನಿಸಿತು, ಅನ್ನಿಸಿ ಹಾಯಾಯಿತು, ಆಮೇಲೆ ಬಿಚ್ಚಿ ಸಡಿಲವಾಗಿ ಹೆಣೆದೆ, ಅವಳು ತಿರುಗಿ ಥ್ಯಾಂಕ್ಸ್ ಚಿಕ್ಕಮ್ಮ ಅಂದಳು. ತಪ್ಪು ಜಾಗಕ್ಕೆ ಬೀಳುತ್ತಿದೆ ನನ್ನ ಏಟು ಎಂದು ಆವತ್ತು ತಿಳಿಯಿತು. ಬೀಳಬೇಕಾದವರಿಗೆ ಹೇಗೆ ಬೀಳಬೇಕು, ಸ್ಟವ್ವಿನ ಮುಂದೆ, ಬಚ್ಚಲಲ್ಲಿ, ಎಷ್ಟು ಸಲ ಮನಸ್ಸಿನಲ್ಲೇ ಆಡಿ ನೋಡಿದ್ದೇನೆ, ಹಬ್ಬದ ಊಟಕ್ಕೆ ಎಲ್ಲರೂ ಕೂತಾಗ ಹೋಳಿಗೆ ಬಡಿಸುವ ಕೈ ನಿಲ್ಲಿಸಿ ನಮ್ಮ ಸೀಟು ಕದ್ದೋರು ನೀವು ಅನ್ನುವುದು, ಅವರ ಬಾಯಿಯ ತುತ್ತು ಅಲ್ಲೇ ನಿಲ್ಲುವುದು, ಭಾವ ಎದ್ದು ಕೈ ತೊಳೆಯುವುದು, ಆಹಾ, ಆದರೆ ಆಡಿದ ಮರುಗಳಿಗೆ ನಾನೇ ಮನೆ ಒಡೆದವಳು, ಅಕ್ಕ ಕಣ್ಣೀರು ಹಾಕುವವರು. ಹಾಗಾಗಬಾರದು. ನನ್ನ ಹೆಸರು ಎಲ್ಲೂ ಬರಬಾರದು, ಅವರ ಅಗ್ರಿಮೆಂಟಿನಲ್ಲಿ ಬರಲಿಲ್ಲವಲ್ಲ, ಇದರಲ್ಲೂ ಬರಬಾರದು. ಸೀಟು ಕೇಳಲು ಹೋದ ದಿನ ಹೆಡ್ ಮೇಡಂ ಇನ್ನೊಂದು ಮಾತು ಹೇಳಿದ್ದರು, ಜುಲೈಯಲ್ಲಿ ನಾನೇ ಮನೆ ಮನೆಗೆ ಬಂದು ನೋಡ್ತೀನಮ್ಮ, ಸುಳ್ಳು ವಿಳಾಸ ಅಂತ ಗೊತ್ತಾದ್ರೆ ಆ ಮಗೂನ ಅವರ ಮನೆ ಹತ್ರದ ಶಾಲೆಗೆ ಕಳಿಸ್ತೀವಿ, ಆ ಜಾಗ ಖಾಲಿ ಆದ್ರೆ ಮೊದಲು ನಿಮ್ಮ ವಚನಾನೇ.

ಮೊಳೆ ಏಕಾಂತಯ್ಯನವರು ಯಾವಾಗಲೋ ಹೊಡೆದದ್ದು, ಅಲುಗುತ್ತದೆ, ಫ್ರೇಮಿನ ದಾರ ಸಿಕ್ಕಿಸಿ ಹಿಂದೆ ಸರಿದು ನೋಡುತ್ತೇನೆ, ತೋರಣದ ಕೆಳಗೆ ಶಿವಾನಿ, ಗುಲಾಬಿ ಎದೆಗೆ ಹಿಡಿದು ಹಲ್ಲು ಬಿಟ್ಟಿದ್ದಾಳೆ, ಒಳ್ಳೇ ಫೋಟೋ, ಇದನ್ನೇ ಆರಿಸಿದ್ದಾರೆ ಅಕ್ಕ, ಶಾಲೆಯ ಬೋರ್ಡೂ ಕಾಣುತ್ತದೆ ಎಂದು. ಬಲಗಡೆ ಅಂಚಿನಲ್ಲಿ ಅದು. ಸರಿದದ್ದು ಸಾಲಲಿಲ್ಲ, ಮೈ ಆಚೆ ಹೋಗಿದೆ, ಮುಖ ಆಚೆ ಹೋಗಿದೆ, ಮಣಿಕಟ್ಟಿನಿಂದ ಈಚೆಗೆ ಒಂದು ಪುಟ್ಟ ಕೈ ಮಾತ್ರ ಉಳಿದುಬಿಟ್ಟಿದೆ, ಅಂಗೈ ಮೇಲೆ ಮಾಡಿ. ಇಷ್ಟು ದಿನ ಮನೆಯವರ ಗ್ರೂಪಿನಲ್ಲಿ ಈ ಫೋಟೋಗೆ ಎಲ್ಲರೂ ಹೂವು, ಹೃದಯ ಕಳಿಸಿದರು, ಈ ಕೈ ಯಾರ ಕಣ್ಣಿಗೂ ಬೀಳಲಿಲ್ಲ, ಫ್ರೇಮು ಹಾಕಿಸಲು ಕೊಟ್ಟವರ ಕಣ್ಣಿಗೂ ಬೀಳಲಿಲ್ಲ. ಫೋನು ಬಡಿದುಕೊಳ್ಳುತ್ತದೆ, ಅಕ್ಕನದೇ, ನೀಲಾ, ಮೇಡಂ ನಿಮ್ಮ ಹಿಂದಿನ ಬೀದೀಲಿ ಇದಾರಂತೆ ಕಣೇ, ಬಟ್ಟೆ ಹಾಕಿದ್ಯಾ, ಫೋಟೋ ಹಾಕಿದ್ಯಾ. ಹಾಕ್ದೆ ಅಕ್ಕ. ಇನ್ನೊಂದು ಮರ್ತಿದ್ದೆ ನೋಡು, ನಿನ್ ಮಗಳನ್ನ ಪಟಾಲಮ್ಮನ ಅಂಗಡಿಗೆ ಕಳಿಸ್ಬಿಡು, ಅದು ಸಿಕ್ಕಸಿಕ್ಕೋರ ಮುಂದೆ ಒದರುತ್ತೆ, ಮೊನ್ನೆ ಹಾಲಿನೋನ ಹತ್ರ ಹೇಳ್ತಾ ಇತ್ತಲ್ಲ, ನಮ್ ಶಿವಾನಿ ಅಕ್ಕನ ಮನೇಲಿ ಲಿಫ್ಟಿದೆ, ಎಂಟು ಒತ್ತಿದ್ರೆ ಅವಳ ರೂಮು ಅಂತ, ಅದಕ್ಕೆ ಬಾಯಿ ಒಂದು ನಿಲ್ಲಲ್ಲ ನೋಡು. ನಗುತ್ತಾರೆ. ನಾನೂ ನಗುತ್ತೇನೆ. ವಚನಾ ಹೊಸ್ತಿಲ ಮೇಲೆ ಕೂತು ಶಿವಾನಿಯ ಚಪ್ಪಲಿಗೆ ತನ್ನ ಕಾಲು ಅಳೆದು ನೋಡುತ್ತಿದ್ದಾಳೆ, ಸುಳ್ಳು ಹೇಳುವುದನ್ನು ನಾವಿನ್ನೂ ಅವಳಿಗೆ ಕಲಿಸಿಲ್ಲ, ಮನೆಗೆ ಯಾರು ಬಂದರೂ ಅವಳಿಗೆ ಹಬ್ಬ, ಕೇಳುವ ಮೊದಲೇ ಎಲ್ಲ ಹೇಳುತ್ತಾಳೆ, ಮೇಡಂ ಮೊದಲು ಮಕ್ಕಳನ್ನೇ ಮಾತಾಡಿಸುವವರು. ನಾನೇನೂ ಹೇಳಬೇಕಿಲ್ಲ. ಅಡುಗೆ ಮನೆಯಲ್ಲಿ ಟೀಗೆ ಇಡುತ್ತಿರುತ್ತೇನೆ, ಶುಂಠಿ ಜಜ್ಜುತ್ತಿರುತ್ತೇನೆ, ಶುಂಠಿ ಜಜ್ಜುವಾಗ ಹಾಲ್‌ನ ಮಾತು ಕೇಳುವುದಿಲ್ಲ. ಶಿವಾನಿ ಅಳುತ್ತಾಳೆ, ಅಳುತ್ತಾಳೆ ಪಾಪ, ಒಂದು ವಾರ, ಆಮೇಲೆ ಅವಳ ಬಾಲ್ಕನಿಯಿಂದ ಕಾಣುವ ಶಾಲೆಗೆ ಹೋಗುತ್ತಾಳೆ. ಅಕ್ಕನೂ ಅಳಲಿ, ಇಲ್ಲಿಗೇ ಬಂದು ಅಳಲಿ, ಈ ಕತ್ತಲಲ್ಲಿ ಕೂತು, ಕರವಸ್ತ್ರ ಈಗ ಕಣ್ಣಿಗೆ ಹಿಡಿದುಕೊಂಡು, ನಾನು ನೀರು ತಂದುಕೊಡುತ್ತೇನೆ, ಮಗು ಅಲ್ವಾ ಅಕ್ಕ, ಗೊತ್ತಾಗ್ದೆ ಹೇಳಿಬಿಡ್ತು ಅನ್ನುತ್ತೇನೆ, ಬೆನ್ನು ಸವರುತ್ತೇನೆ. ವಚನಾನ ಕಳಿಸಿದ್ಯೇನೇ, ಫೋನು ಇನ್ನೂ ಕಿವಿಯಲ್ಲಿದೆ. ಕಳಿಸ್ದೆ ಅಕ್ಕ. ಇಟ್ಟೆ. ಬೀದಿಯ ಗೇಟು ಕಿರುಗುಡುತ್ತದೆ, ಏಕಾಂತಯ್ಯನವರು ಬನ್ನಿ ಮೇಡಂ, ಹಿಂದುಗಡೆ ಮನೆ, ಹೀಗೆ ಬನ್ನಿ ಎನ್ನುತ್ತಿದ್ದಾರೆ, ಮಗಳು ಎದ್ದು ಲಂಗದ ಧೂಳು ಕೊಡವಿಕೊಳ್ಳುತ್ತಾಳೆ, ನಾನು ಅವಳನ್ನು ಕರೆಯುವುದಿಲ್ಲ, ಅಡುಗೆ ಮನೆಗೆ ತಿರುಗುತ್ತೇನೆ, ತಿರುಗುವಾಗ ಗೋಡೆಯ ಮೇಲೆ ಅದು, ತೋರಣ ಅಲ್ಲ, ಗುಲಾಬಿ ಅಲ್ಲ, ಅಂಚಿನಲ್ಲಿ, ಫ್ರೇಮಿಗೆ ತಾಗಿ, ಆ ಕೈ, ತೆರೆದ ಅಂಗೈ, ಆ ಕೈ.