ಅಂಜಲ್ ತುಂಡಿನಲ್ಲಿದ್ದ ತಂತಿ

ನನ್ನ ಹೆಸರು ಬಾಗಿ. ಬೀಜಾಡಿಯ ಕಡಲ ಬದಿಯಲ್ಲಿ ನಮ್ಮದೊಂದು ಸಣ್ಣ ಅಂಗಡಿ. ತೆಂಗಿನ ಗೆರಟೆಯ ಕೆಂಡದ ಮೇಲೆ ಕಬ್ಬಿಣದ ಜಾಲರಿ ಇಟ್ಟು ಮೀನು ಸುಟ್ಟು ಕೊಡುತ್ತೇವೆ. ಮಗ ಯತೀಶ್ ಸುಡುತ್ತಾನೆ, ಸೊಸೆ ದಿವ್ಯಾ ಮಸಾಲೆ ಅರೆಯುತ್ತಾಳೆ. ಜಾಲರಿ ತಿಕ್ಕುವ ಕೆಲಸ ನನ್ನದು. ಮಸಾಲೆ ಕರಟಿ ಅಂಟಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಅದಕ್ಕೆ, ದೋಣಿಯ ಇಂಜಿನ್ನಿನ ತುಕ್ಕು ಕೆರೆಯಲು ಮಗ ತಂದಿದ್ದ ತಂತಿ ಬ್ರಷ್ಷನ್ನೇ ಹಿಡಿದುಕೊಂಡಿದ್ದೆ. ನಾಲ್ಕು ಸಲ ಉಜ್ಜಿದರೆ ಜಾಲರಿ ಹೊಳೆಯುತ್ತಿತ್ತು.

ಬ್ರಷ್ ಹಳತಾಯಿತು, ಅರ್ಧ ತಂತಿ ಉದುರಿತು. ದಿವ್ಯಾ ಒಂದು ದಿನ ಅದನ್ನು ತಿರುಗಿಸಿ ನೋಡಿದಳು. “ಅತ್ತೆ, ಇದ್ರ ತಂತಿ ಉದ್ರತ್ತ್ ಕಾಣಿ. ಜಾಲರಿಗೆ ಅಂಟ್ಕಂಡ್ ಮೀನಿಗೆ ಬಂದ್ರೆ ಎಂತ ಮಾಡೂದ್? ಬಿಸಾಡ್ವ” ಎಂದಳು. ಮಹಿಳಾ ಸಂಘದ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆ ಹೀಗೆ ಹೇಳಿದ್ದರಂತೆ. ನನಗೆ ಸಿಟ್ಟು ಬಂತು. ನಿನ್ನೆ ಮೊನ್ನೆ ಬಂದವಳು ನನಗೆ ತಿಕ್ಕಲು ಕಲಿಸುವುದಾ ಅನ್ನಿಸಿತು.

“ಮುಳ್ಳ್ ತಿಂದ್ ಬೆಳ್ದ ಗಂಟ್ಲ್ ನಮ್ದ್. ಒಂದ್ ತಂತಿಗೆ ಹೆದ್ರೂದಾ?” ಎಂದು ಬಾಯಿ ಮುಚ್ಚಿಸಿದೆ. ಮರುದಿನವೂ ಅದೇ ಬ್ರಷ್ಷಿನಲ್ಲಿ ತಿಕ್ಕಿದೆ.

ಮುಂದಿನ ಭಾನುವಾರ ಮಧ್ಯಾಹ್ನ ನಮ್ಮ ಯಜಮಾನರು ಪಾಂಡು ಊಟಕ್ಕೆ ಕೂತರು. ಅದೇ ಜಾಲರಿಯಲ್ಲಿ ಸುಟ್ಟ ಅಂಜಲ್ ಮೀನಿನ ತುಂಡು ಬಡಿಸಿದೆ. ಎರಡನೇ ತುತ್ತಿಗೆ ಗಂಟಲು ಹಿಡಿದುಕೊಂಡರು, ಏನೋ ಚುಚ್ಚಿತು ಎಂದರು. ಮುಳ್ಳು ಸಿಕ್ಕಿದರೆ ನಮ್ಮಲ್ಲಿ ಅನ್ನದ ಉಂಡೆಯನ್ನು ಅಗಿಯದೆ ನುಂಗಿಸುತ್ತೇವೆ. ನಾನೇ ಕೈಯಾರೆ ಉಂಡೆ ಕಟ್ಟಿ ಕೊಟ್ಟೆ. ಒಂದಲ್ಲ, ಮೂರು. ಮೇಲಿಂದ ಬಾಳೆಹಣ್ಣು ಬೇರೆ. ಆಸ್ಪತ್ರೆಗೆ ಹೋಗೋಣ ಎಂದ ದಿವ್ಯಾಳಿಗೆ, ಮೀನಿನ ಮುಳ್ಳಿಗೆಲ್ಲ ಆಸ್ಪತ್ರೆಗೆ ಓಡಿದರೆ ಊರವರು ನಗುತ್ತಾರೆ ಎಂದೆ.

ಇಪ್ಪತ್ತೈದು ವರ್ಷ ಬುಟ್ಟಿ ಹೊತ್ತು ಮೀನು ಮಾರಿದವಳು ನಾನು. ಅಂಜಲ್ ತುಂಡಿನಲ್ಲಿ ಸಣ್ಣ ಮುಳ್ಳಿರುವುದಿಲ್ಲ, ನಡು ಮೂಳೆ ಮಾತ್ರ ಎಂದು ಗಿರಾಕಿಗಳಿಗೆ ಎಷ್ಟು ಸಲ ಹೇಳಿದ್ದೇನೋ. ಆವತ್ತು ಅದು ನನಗೇ ನೆನಪಾಗಲಿಲ್ಲ. ನನ್ನ ಹಟ ನೆನಪಾಗಲು ಬಿಡಲಿಲ್ಲ.

ಮೂರನೇ ದಿನ ಕುತ್ತಿಗೆ ಬಾತು ಜ್ವರ ಏರಿತು. ನೀರೂ ಇಳಿಯಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗಲೂ ನಾನು ಮೀನಿನ ಮುಳ್ಳು ಎಂದೇ ಹೇಳಿದೆ. ದಿವ್ಯಾ ಮುಂದೆ ಬಂದಳು. “ಅಲ್ಲ ಡಾಕ್ಟ್ರೇ, ನಾವ್ ಜಾಲರಿ ತಂತಿ ಬ್ರಷ್ಷಲ್ಲ್ ತಿಕ್ಕೂದ್. ತಂತಿಯೇ ಇಪ್ಪೂದ್ ಅದ್” ಎಂದಳು.

ಸ್ಕ್ಯಾನ್ ಮಾಡಿದಾಗ ಕಂಡಿತು. ಉಗುರಿನಷ್ಟೂ ಉದ್ದವಿಲ್ಲದ ತಂತಿ. ನಾನು ನುಂಗಿಸಿದ ಅನ್ನ ಅದನ್ನು ಇನ್ನೂ ಒಳಕ್ಕೆ ಒತ್ತಿತ್ತು, ಸುತ್ತ ಕೀವಾಗಿತ್ತು. ಮುಳ್ಳೇ ಆಗಿದ್ದರೂ ಹಾಗೆ ನುಂಗಿಸಬಾರದು ಎಂದರು ಡಾಕ್ಟರು. ಆಪರೇಷನ್ ಆಯಿತು, ಜೀವ ಉಳಿಯಿತು. ಆದರೆ ಕೀವು ಸ್ವರದ ನರಕ್ಕೂ ತಾಗಿತ್ತಂತೆ, ಮೊದಲಿನ ಸ್ವರ ಮರಳಲಿಲ್ಲ. ಅವರ ಮಾತು ಈಗ ಪಕ್ಕದಲ್ಲಿ ಕೂತವರಿಗೆ ಮಾತ್ರ ಕೇಳುತ್ತದೆ. ಕೂಗಿ ಹೇಳಲಾಗದವರು ದೋಣಿಗೆ ಹೋಗುವುದು ಹೇಗೆ? ಕಡಲಿಗೆ ಹೋಗುವುದನ್ನೇ ಬಿಟ್ಟರು. ನನ್ನನ್ನು ಒಂದು ದಿನವೂ ಬೈದಿಲ್ಲ. ಬೈದಿದ್ದರೆ ನನಗೆ ಸ್ವಲ್ಪ ಹಗುರಾಗುತ್ತಿತ್ತು.

ಈಗ ಜಾಲರಿ ಬಿಸಿಯಿರುವಾಗ ಅರ್ಧ ನೀರುಳ್ಳಿಯನ್ನು ಉದ್ದದ ಚಿಮಟದಲ್ಲಿ ಹಿಡಿದು ಉಜ್ಜುತ್ತೇನೆ. ಕೆಂಡ ಪೂರ್ತಿ ಆರಿದ ಮೇಲೆ ಸೋಪು ನೀರಿನಲ್ಲಿ ನೆನೆಸಿ, ತೆಂಗಿನ ನಾರಿನಿಂದ ತಿಕ್ಕುತ್ತೇನೆ. ಮೀನು ಇಡುವ ಮೊದಲು ದಿವ್ಯಾ ಒದ್ದೆ ಬಟ್ಟೆಯಿಂದ ಒರೆಸಿ, ಬೆಳಕಿಗೆ ಹಿಡಿದು ನೋಡುತ್ತಾಳೆ. ಅವಳು ಸರಿ ಎನ್ನದೆ ಯತೀಶ್ ಮೀನು ಇಡುವುದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಮೀನು ಕೋಳಿ ಸುಡುವ ಜಾಲರಿಗೆ ನೀವೂ ತಂತಿ ಬ್ರಷ್ ಹಾಕುತ್ತಿದ್ದರೆ ಇವತ್ತೇ ಬಿಸಾಡಿ. ಸುಟ್ಟದ್ದು ತಿಂದು ಗಂಟಲೋ ಹೊಟ್ಟೆಯೋ ಚುಚ್ಚಿದರೆ ಅನ್ನ, ಹಣ್ಣು ನುಂಗಿಸಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಜಾಲರಿ ಯಾವುದರಿಂದ ತಿಕ್ಕಿದ್ದೆಂದು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ನಾನು ಮೂರು ದಿನ ತಡ ಮಾಡಿದೆ. ನೀವು ಒಂದು ಗಳಿಗೆಯೂ ತಡ ಮಾಡಬೇಡಿ.