ಮಾವನ ಕಾರಿನ ಹಳೇ ಬೆಲ್ಟು

ಈಗಲೂ ಹೇಳಿಬಿಡಬಹುದು. ‘ಮಾವ, ನಾನು ಈ ಕೆಲಸ ಇದುವರೆಗೆ ಮಾಡಿಲ್ಲ’ ಅಂದರೆ ಮುಗಿಯಿತು, ಆಕಾಶವೇನೂ ಕಳಚಿ ಬೀಳುವುದಿಲ್ಲ. ಆದರೆ ಕಾರಿನ ಬಲಗಡೆ ಚಕ್ರ ಆಗಲೇ ಕಳಚಿ ಗೋಡೆಗೆ ಒರಗಿದೆ. ಎಂಜಿನ್ನಿನ ಪಕ್ಕದ ಪ್ಲಾಸ್ಟಿಕ್ ಮುಚ್ಚಳ ಹಿತ್ತಲಲ್ಲಿ ಅಂಗಾತ ಬಿದ್ದಿದೆ. ಬೋಲ್ಟುಗಳೆಲ್ಲ ಅತ್ತೆಯ ಸ್ಟೀಲ್ ಬಟ್ಟಲುಗಳಲ್ಲಿ ಕೂತಿವೆ. ಇಷ್ಟಾದ ಮೇಲೆ ಹೇಳುವುದೆಂದರೆ, ಹೊಟ್ಟೆ ಕೊಯ್ದಿಟ್ಟ ಮೇಲೆ ಡಾಕ್ಟರು ‘ಅಂದಹಾಗೆ, ನಾನು ಭೂಗೋಳದ ಮೇಷ್ಟ್ರು’ ಅಂದ ಹಾಗೆ.

ಅಳಿಯ ನಿಜಕ್ಕೂ ಭೂಗೋಳದ ಮೇಷ್ಟ್ರು.

ಮದುವೆಯಾಗಿ ಇಷ್ಟು ವರ್ಷವಾದರೂ ಮಾವ ಅವನ ಜೊತೆ ಆಡಿದ್ದು ಮೂರೇ ಮಾತು. ಬಾಗಿಲಲ್ಲಿ ‘ಬಂದ್ರಾ?’, ನಡುವೆ ‘ಊಟ ಆಯ್ತಾ?’, ಚಪ್ಪಲಿ ಮೆಟ್ಟುವಾಗ ‘ಹೊರಟ್ರಾ?’ ದ್ವೇಷವೇನೂ ಇರಲಿಲ್ಲ. ಮಾವ ಟೈಲರ್, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಆಯಸ್ಸು ಕಳೆದವರು, ಸೂಜಿ ಇಲ್ಲದಾಗಲೂ ತುಟಿ ಬಿಚ್ಚುವ ಅಭ್ಯಾಸವಿಲ್ಲ. ಅಳಿಯನೋ, ದಾರಿಯುದ್ದಕ್ಕೂ ಒಂದು ಮಾತು ಹೊಂದಿಸಿಕೊಂಡು ಬಂದು, ಅದನ್ನು ಮಡಿಕೆ ಬಿಚ್ಚದೆ ವಾಪಸು ಒಯ್ಯುವವನು. ಭಾನುವಾರದ ಮಧ್ಯಾಹ್ನಗಳಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಫ್ಯಾನ್ ತಿರುಗುವುದನ್ನು ನೋಡುತ್ತಿದ್ದರು.

ಹೋದ ವಾರ ಮಾವ ಫ್ಯಾನಿನಿಂದ ಕಣ್ಣು ತೆಗೆದು ನಾಲ್ಕನೆಯ ಮಾತು ಆಡಿದ್ದರು. “ನಿಮಗೆ ಗಾಡಿ ಕೆಲಸ ಬರುತ್ತಂತೆ. ನಮ್ಮದಕ್ಕೆ ಟೈಮಿಂಗ್ ಬೆಲ್ಟ್ ಹಾಕಿಕೊಡ್ತೀರಾ?”

ಅವನು ತಮ್ಮ ಕಾರಿನ ದೀಪದ ಬಲ್ಬು ಬದಲಿಸಿದ್ದನ್ನು ಹೆಂಡತಿ ತವರಲ್ಲಿ ಎಷ್ಟು ಉಬ್ಬಿಸಿ ಹೇಳಿದ್ದಳೋ. ಸಂತೋಷದ ಭರದಲ್ಲಿ ಅವನ ಬಾಯಿಂದ ‘ಹೂಂ’ ಬಿದ್ದುಹೋಯಿತು. ಆಮೇಲೆ ಇಡೀ ವಾರ ಮೊಬೈಲಿನಲ್ಲಿ ವಿಡಿಯೋ ನೋಡಿದ. ಮಾವನದು ಮೂರು ಲಕ್ಷ ಕಿಲೋಮೀಟರ್ ಓಡಿದ ಕಾರು. ಎಂಜಿನ್ ಕೆಟ್ಟರೆ ಗುಜರಿಗೇ ದಾರಿ. ಅದಕ್ಕಿಂತ ಅವನನ್ನು ಕಾಡಿದ್ದು, ಈ ಕೆಲಸ ಕೆಟ್ಟರೆ ಮಾವನ ಐದನೆಯ ಮಾತು ಹುಟ್ಟುವುದೇ ಇಲ್ಲ ಎಂಬುದು.

“ಹೋದ ತಿಂಗಳು ಗ್ಯಾರೇಜಿಗೆ ಬಿಟ್ಟಾಗ್ಲೇ ಇದನ್ನೂ ಮಾಡಿಸ್ಬಹುದಿತ್ತಲ್ಲ?” ಎಂದರು ಅತ್ತೆ, ಹಿತ್ತಲ ಬಾಗಿಲಿಂದ.

“ಅದು ಬೇರೆ. ನೀನು ಒಳಗೆ ಹೋಗು” ಎಂದರು ಮಾವ.

ಅಳಿಯ ತನ್ನ ಗುಟ್ಟು ಹೇಳಲಿಲ್ಲ. ಸ್ಪ್ಯಾನರ್ ಎತ್ತಿಕೊಂಡ.

ಕೆಳಗೊಂದು ಹಲ್ಲಿನ ಚಕ್ರ, ಮೇಲೊಂದು. ಎರಡನ್ನೂ ಒಂದೇ ತಾಳಕ್ಕೆ ಕುಣಿಸುವುದು ನಡುವಿನ ಬೆಲ್ಟು. ಹಾಕುವಾಗ ಒಂದು ಹಲ್ಲು ಆಚೀಚೆಯಾದರೂ ಒಳಗಿನ ಭಾಗಗಳು ಒಂದಕ್ಕೊಂದು ಢಿಕ್ಕಿ ಹೊಡೆದು ಎಂಜಿನ್ ಹಾಳು. ಅದಕ್ಕೇ ಬಿಚ್ಚುವ ಮೊದಲು ಚಕ್ರಗಳು ಎಲ್ಲಿ ನಿಂತಿವೆ ಎಂದು ಗುರುತು ಹಾಕಬೇಕು. ಕಂಪನಿಯವರು ಕೊರೆದ ಗುರುತು ಇರುತ್ತದೆ ಎಂದು ವಿಡಿಯೋದವನು ಹೇಳಿದ್ದ. ಇಲ್ಲಿ ಕಂಡದ್ದು ಬೆರಳುದಪ್ಪ ಜಿಡ್ಡು ಮಾತ್ರ.

ಮಾವ ಜೇಬಿಗೆ ಕೈಹಾಕಿ, ಬಟ್ಟೆಗೆ ಗೆರೆ ಎಳೆಯುವ ನೀಲಿ ಚಾಕ್‌ಪೀಸು ತೆಗೆದುಕೊಟ್ಟರು. ಅವನು ಪ್ರತಿ ಚಕ್ರದ ಮೇಲೊಂದು ಗೆರೆ, ಅದಕ್ಕೆ ಎದುರಾಗಿ ಎಂಜಿನ್ನಿನ ಮೇಲೊಂದು ಗೆರೆ ಎಳೆದ. ಮಾವ ಕನ್ನಡಕ ಏರಿಸಿ, ತೋಳಿನ ಅಳತೆ ನೋಡುವಂತೆ ನೋಡಿ, ತಲೆಯಾಡಿಸಿದರು. ಬೆಲ್ಟು ಹೊರಬಂತು. ಅದು ನೆಲ ಮುಟ್ಟುವ ಮೊದಲೇ ಮಾವ ಕಸಿದುಕೊಂಡು, ಸುತ್ತಿ, ತಮ್ಮ ಸ್ಟೂಲಿನ ಮೇಲಿಟ್ಟು ಅದರ ಮೇಲೇ ಕೂತರು.

“ದಿಂಬು ಬೇಕಿದ್ರೆ ಒಳಗಿದೆಯಪ್ಪಾ” ಎಂದಳು ಹೆಂಡತಿ, ಊಟಕ್ಕೆ ಕರೆಯಲು ಬಂದವಳು.

ಊಟ ಮುಗಿಸಿ ಹಿತ್ತಲಿಗೆ ಬಂದರೆ ಎಂಜಿನ್ ಬೆಳ್ಳಗೆ ಹೊಳೆಯುತ್ತಿತ್ತು.

ಎದುರಿಗೆ ಅತ್ತೆ, ಕೈಯಲ್ಲಿ ಸೀಮೆಎಣ್ಣೆಯ ಬಟ್ಟೆ. ಮಾವ ಹೊಲಿದಿಟ್ಟ ಪ್ರತಿಯೊಂದು ಬಟ್ಟೆಯ ಚಾಕ್‌ಪೀಸಿನ ಗೆರೆಯನ್ನು ಒರೆಸಿ, ಕೊಡವಿ, ಮಡಿಸಿಡುವುದು ಆ ಮನೆಯಲ್ಲಿ ಅತ್ತೆಯ ಕೆಲಸ. ನೀಲಿ ಗೆರೆ ಕಂಡರೆ ಅವರ ಕೈ ಸುಮ್ಮನಿರುವುದಿಲ್ಲ.

“ಗೆರೆ?” ಎಂದ ಅವನು.

“ಎಲ್ಲಾ ಹೋಗೋ ಹಾಗೆ ಉಜ್ಜಿದೀನಿ, ಅಳಿಯಂದ್ರೆ. ಏನು ಕೊಳೆ ಅಂತೀರಿ! ಆ ಮೇಲಿನ ಚಕ್ರ ಬೇರೆ ಗಿರ್ರನೆ ತಿರುಗ್ತಿತ್ತು, ಒಂದು ಕೈಯಲ್ಲಿ ಹಿಡ್ಕೊಂಡೇ ಉಜ್ಜಿದೆ.”

ಮಾವ ಸ್ಟೂಲಿನ ಮೇಲೆ ಕುಸಿದರು. “ನಿನ್ನ ಕೈಗೆ ಅಷ್ಟು ಕೆಲಸ ಇಲ್ದೆ ಹೋಯ್ತೇನೆ?”

“ನಲವತ್ತು ವರ್ಷ ಒರೆಸಿದಾಗ ಬಾಯಿ ಬಿಡ್ಲಿಲ್ಲ, ಇವತ್ತು ಮಾತು ಬಂತು ನೋಡಿ!” ಎಂದರು ಅತ್ತೆ.

ಅವನು ಅಂದಾಜಿನ ಮೇಲೆ ತಿರುಗಿಸಿ ನೋಡೋಣವೆಂದು ಮೇಲಿನ ಚಕ್ರಕ್ಕೆ ಸ್ಪ್ಯಾನರ್ ಹಚ್ಚಿದ.

“ಬೇಡ ಕಣೋ! ತಡಿ!”

‘ಬಂದ್ರಾ, ಹೊರಟ್ರಾ’ ಎನ್ನುತ್ತಿದ್ದ ಬಾಯಿಂದ ‘ಕಣೋ’ ಬಿದ್ದಿತ್ತು. ಮಾವ ಅದನ್ನು ಗಮನಿಸಿದಂತಿರಲಿಲ್ಲ. ಅವರ ಮೂಗು ಚಕ್ರಕ್ಕೆ ತಾಗುವಷ್ಟು ಹತ್ತಿರವಿತ್ತು. “ಇಲ್ಲಿ ನೋಡು. ಕಚ್ಚು.”

ಜಿಡ್ಡು ಹೋದ ಲೋಹದ ಮೇಲೆ ಕಂಪನಿಯವರು ಕೊರೆದ ಸಣ್ಣ ಕಚ್ಚು ಕಾಣುತ್ತಿತ್ತು. ಎದುರಿಗೆ ಎಂಜಿನ್ನಿನ ಮೇಲೆ ಅದರ ಜೊತೆಗಾರ ಗೆರೆ. ಕೆಳಗಿನ ಚಕ್ರದಲ್ಲೂ ಅಂಥದೇ ಜೋಡಿ. ಆ ಚಕ್ರ ಅಲುಗಿರಲಿಲ್ಲ.

“ಸ್ವಲ್ಪ ಬಲಕ್ಕೆ,” ಎಂದರು ಮಾವ. “ಸ್ವಲ್ಪ ಅಂದ್ರೆ ಸ್ವಲ್ಪ ಕಣೋ, ಭೂಮಿ ತಿರುಗಿಸಬೇಡ. ಹಾಂ. ಅಲ್ಲೇ.”

ಹೊಸ ಬೆಲ್ಟು ಕೂತಿತು. ಕೈಯಲ್ಲೇ ಎರಡು ಸುತ್ತು ತಿರುಗಿಸಿದರು. ಕಚ್ಚುಗಳು ಗೆರೆಗಳೆದುರು ಬಂದು ನಿಂತವು. ಮುಚ್ಚಳ, ಚಕ್ರ, ಬೋಲ್ಟು ಎಲ್ಲ ವಾಪಸಾದವು. ಮಾವ ಕೀಲಿ ತಿರುಗಿಸಿದರು. ಕಾರು ಕೆಮ್ಮಿತು, ಯೋಚಿಸಿತು, ಆಮೇಲೆ ಏನೂ ನಡೆದೇ ಇಲ್ಲವೆಂಬಂತೆ ಗುಂಯ್‌ಗುಡತೊಡಗಿತು.

“ನಾನು ಒರೆಸದೇ ಇದ್ದಿದ್ರೆ ಏನ್ಮಾಡ್ತಿದ್ರೋ” ಎಂದರು ಅತ್ತೆ, ಸೀಮೆಎಣ್ಣೆಯ ಬಟ್ಟೆ ಹಿಂಡುತ್ತ.

ಸಾಮಾನು ಎತ್ತಿಡುವಾಗ ಅವನು ಸ್ಟೂಲ್ ಎಳೆದ. ಹಳೇ ಬೆಲ್ಟು ಕೈಗೆ ಬಂತು. ತಿರುಗಿಸಿ ನೋಡಿದ. ಎಲ್ಲೂ ಬಿರುಕಿಲ್ಲ, ಹಲ್ಲು ಸವೆದಿಲ್ಲ, ಬೆನ್ನಿನ ಮೇಲಿನ ಬಿಳಿ ಅಕ್ಷರ ಅಂಗಡಿಯಿಂದ ಈಗ ತಾನೇ ತಂದಂತಿದೆ. ಹೋದ ತಿಂಗಳು ಗ್ಯಾರೇಜಿನಲ್ಲಿ ಆದದ್ದು ‘ಬೇರೆ’ ಆಗಿರಲಿಲ್ಲ, ಇದೇ ಬೆಲ್ಟು ಹಾಕಿಸಿದ್ದು. ಗೇಣು ಬಟ್ಟೆ ಹೊಲಿಸಿಕೊಂಡವರ ಹೆಸರನ್ನೂ ಮರೆಯದ ಈ ಮನುಷ್ಯ ಇದನ್ನು ಮರೆತಿರಲು ಸಾಧ್ಯವೇ ಇಲ್ಲ. ಅವರಿಗೆ ಬೇಕಿದ್ದದ್ದು ಬೆಲ್ಟಲ್ಲ; ಅಳಿಯನ ಜೊತೆ ಕೂರಲು ಒಂದು ನೆವ.

ತಲೆಯೆತ್ತಿದ. ಮಾವ ಕಾರಿನ ಕನ್ನಡಿ ಒರೆಸುತ್ತ, ಆ ಕನ್ನಡಿಯಲ್ಲೇ ಅವನನ್ನು ನೋಡುತ್ತಿದ್ದರು.

“ಹೇಗಿತ್ತು ಹಳೇದು?”

“ಪೂರ್ತಿ ಸವೆದಿತ್ತು, ಮಾವ. ಇನ್ನೊಂದು ವಾರ ಬಿಟ್ಟಿದ್ರೆ ಕಷ್ಟ ಇತ್ತು.”

“ಅದೇ ನಂಗೂ ಅನುಮಾನ” ಎಂದು ಮಾವ ಕನ್ನಡಿಯನ್ನು ಇನ್ನೂ ಜೋರಾಗಿ ಒರೆಸಿದರು. ಸ್ವಲ್ಪ ಹೊತ್ತಾದ ಮೇಲೆ, “ಬ್ರೇಕಲ್ಲೂ ಏನೋ ಸದ್ದು ಬರುತ್ತೆ. ಮುಂದಿನ ಭಾನುವಾರ ಬಿಚ್ಚೋಣವೇನೋ?”

ಬ್ರೇಕಲ್ಲಿ ಯಾವ ಸದ್ದೂ ಇರಲಿಲ್ಲ.

“ಬಿಚ್ಚೋಣ ಮಾವ” ಎಂದ.

ಬಿಚ್ಚಿದ ಬೆಲ್ಟು ಹೊಸದಾಗಿತ್ತು ಎಂದು ಅವನು ಮಾವನಿಗೆ ಎಂದೂ ಹೇಳಲಿಲ್ಲ.